ಗಣೇಶನ ವಿಸರ್ಜನೆ, ಎಲೆಯ ವಿಸರ್ಜನೆ: ಆರು ಏಳು ಎಂಟರ ಮಕ್ಕಳಿಗೆ ಪದ ಕಲಿಸಿದ ನನ್ನ ಅನುಭವ

ಚಳ್ಳಕೆರೆ ತಾಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೇಲಿ ವಿಜ್ಞಾನ, ಜೊತೆಗೆ ಸಮಾಜ ಹೇಳ್ತೀನಿ. ನಮ್ಮ ಕ್ಲಾಸಲ್ಲಿ ಮನೇಲಿ ಕನ್ನಡ ಆಡೋರು, ತೆಲುಗು ಆಡೋರು, ತಾಂಡಾದಿಂದ ಬರೋ ಲಂಬಾಣಿ ಮಕ್ಕಳು, ಉರ್ದು ಮನೆಯವ್ರು ಎಲ್ಲಾ ಒಟ್ಟಿಗೇ ಕೂತಿರ್ತಾರೆ. ಐದನೇ ಕ್ಲಾಸ್ ತನಕ ಪಾಠ ಹೆಂಗೋ ಆಡುಮಾತಲ್ಲೇ ಸಾಗುತ್ತೆ, ಆರಕ್ಕೆ ಬಂದ್ರೆ ಸಾಕು ಪುಸ್ತಕದ ತುಂಬಾ ಬಾಷ್ಪೀಕರಣ, ಅಪವರ್ತನ, ಸಮಾನುಪಾತ, ಪ್ರಾತಿನಿಧ್ಯ. ಕನ್ನಡವೇ ಮನೆಮಾತಾಗಿರೋ ಮಗೂಗೂ ಇದು ಹೊಸ ಭಾಷೆ ಇದ್ದಂಗೆ. ಸರಾಗವಾಗಿ ಒಂದು ಪುಟ ಓದಿಬಿಡುತ್ತೆ, ಏನ್ ಓದ್ದೆ ಹೇಳಮ್ಮ ಅಂದ್ರೆ ಸುಮ್ನೆ ಮುಖ ನೋಡುತ್ತೆ. ಅದನ್ನ ನೋಡಿ ಮಗು ದಡ್ಡ ಅಂತ ತೀರ್ಮಾನ ಮಾಡೋರನ್ನ ಕಂಡ್ರೆ ನನಗೆ ತುಂಬಾ ಸಂಕಟ ಆಗುತ್ತೆ.

ಪಾಠದ ಕೊನೆಯ ಪದಗಳ ಅರ್ಥ ಮೂರು ಸಲ ಬರೆಸಿದ್ರೆ ಬರವಣಿಗೆ ದುಂಡಗಾಗುತ್ತೆ, ಪದ ಉಳಿಯಲ್ಲ. ನಾನು ಮಾಡೋದು ಇಷ್ಟೇ, ಕಷ್ಟದ ಪದದ ಒಳಗೆ ಮಗೂಗೆ ಮೊದ್ಲೇ ಗೊತ್ತಿರೋ ತುಂಡು ಯಾವುದಿದೆ ಅಂತ ಹುಡುಕೋದು. ಬಹಳ ಸಲ ಸಿಗುತ್ತೆ.

ಏಳನೇ ಕ್ಲಾಸಿನ ಬಾಷ್ಪವಿಸರ್ಜನೆ ತಗೊಳ್ಳಿ. ಬೆಳಿಗ್ಗೆ ಪ್ರಾರ್ಥನೆ ಮುಗಿದ ಮೇಲೆ ಕಾಂಪೌಂಡಿನ ಬೇವಿನ ಗಿಡದಲ್ಲಿ ಬಿಸಿಲು ಬೀಳೋ ಒಂದು ಸಣ್ಣ ಕೊಂಬೆಗೆ ಪ್ಲಾಸ್ಟಿಕ್ ಕವರ್ ಹಾಕಿ ದಾರದಿಂದ ಬಿಗಿಯಾಗಿ ಕಟ್ಟಿಸ್ತೀನಿ, ಪದದ ಸುದ್ದಿನೇ ಎತ್ತಲ್ಲ. ಮಧ್ಯಾಹ್ನ ಬಿಸಿಯೂಟ ಆದ್ಮೇಲೆ ಹೋಗಿ ನೋಡಿದ್ರೆ ಕವರ್ ಒಳಗೆಲ್ಲಾ ಮಂಜು ಮಂಜು, ಮೂಲೇಲಿ ಹನಿ ಕೂಡ್ಕೊಂಡಿರುತ್ತೆ. ನಾವು ನೀರು ಹಾಕಿಲ್ಲ, ಎಲ್ಲಿಂದ ಬಂತು ಅಂತ ಜಗಳನೇ ಆಗುತ್ತೆ. ಎಲೆ ಬಿಟ್ಟಿದ್ದು ಅನ್ನೋದು ಅವರ ಬಾಯಿಂದಲೇ ಬಂದ ಮೇಲೆ ಕೇಳ್ತೀನಿ, ಗಣೇಶನ್ನ ಕೂರಿಸಿ ಪೂಜೆ ಎಲ್ಲಾ ಮುಗಿದ ಮೇಲೆ ಏನ್ ಮಾಡ್ತೀರಾ? ವಿಸರ್ಜನೆ ಮಿಸ್! ಅಂದ್ರೆ? ನೀರಿಗೆ ಬಿಡೋದು. ಹಂಗಾದ್ರೆ ಎಲೆ ಏನನ್ನ ಬಿಡ್ತು, ಆವಿನ. ಆವಿಗೆ ಪುಸ್ತಕದಲ್ಲಿ ಬಾಷ್ಪ ಅಂತಾರೆ. ಆನಂದಬಾಷ್ಪ ಅಂದ್ರೆ ಕಣ್ಣೀರಲ್ವಾ ಅಂತ ಯಾರಾದ್ರೂ ಕೇಳಿದ್ರೆ ನನಗೆ ಖುಷಿ, ಎರಡೂ ಅರ್ಥ ಇದೆ ಅಂತ ಹೇಳಿ ಬೋರ್ಡ್ ಮೇಲೆ ಬರೀತೀನಿ. ಅದೇ ಪಾಠದಲ್ಲಿ ಮೂತ್ರಪಿಂಡ, ವಿಸರ್ಜನಾ ವ್ಯೂಹ ಬಂದಾಗ ನಾನು ಬಾಯಿ ಬಿಡೋದೇ ಬೇಕಾಗಲ್ಲ. ಸಮಾಜದಲ್ಲಿ ವಿಧಾನಸಭೆ ವಿಸರ್ಜನೆ ಬಂದ್ರೂ ಹಂಗೇ.

ದ್ವಿದಳ, ಅಂದ್ರೆ ಎರಡು ಬೇಳೆಯ ಕಾಳು, ಅನ್ನೋ ಪದಕ್ಕೆ ಶೇಂಗಾ ಇದ್ದೇ ಇದೆ, ನಮ್ ಕಡೆ ಅದಿಲ್ದೆ ಇರೋ ಮನೆ ಯಾವುದು. ರಾತ್ರಿ ನೆನೆಸ್ಕೊಂಡು ಬಂದು ಬೆರಳಲ್ಲಿ ಒತ್ತಿದ್ರೆ ಎರಡಾಗುತ್ತೆ, ಮೆಕ್ಕೆಜೋಳ ಎಷ್ಟು ಒತ್ತಿದ್ರೂ ಆಗಲ್ಲ. ದ್ವಿತೀಯ ಪಿಯುಸಿ, ದ್ವಿಚಕ್ರ ವಾಹನ ಅವರೇ ತಂದು ಸೇರಿಸ್ತಾರೆ.

ಎಲ್ಲಾ ಪದಕ್ಕೂ ಇಷ್ಟು ಟೈಮ್ ಕೊಡೋಕೆ ಆಗಲ್ಲ, ಅದಕ್ಕೆ ಆರಿಸ್ಕೋಬೇಕು. ಇಸಬೆಲ್ ಬೆಕ್, ಮಾರ್ಗರೆಟ್ ಮೆಕ್‌ಕ್ಯೂನ್ ಅಂತ ಅಮೆರಿಕದ ಸಂಶೋಧಕರು ಪದಗಳನ್ನ ಮೂರು ಹಂತ ಮಾಡ್ತಾರೆ: ಮನೇಲೇ ಬರೋ ಪದ, ಎಲ್ಲಾ ವಿಷಯದಲ್ಲೂ ತಿರುಗಾಡೋ ಪದ, ಒಂದೇ ವಿಷಯಕ್ಕೆ ಸೇರಿದ ಪದ. ನಡುವಿನ ಹಂತದ್ದಕ್ಕೇ ನಾನು ಹೆಚ್ಚು ಒತ್ತು ಕೊಡೋದು. ಪ್ರಮಾಣ, ಪರಿಣಾಮ, ಅನುಕ್ರಮ, ಪರಸ್ಪರ, ಹೋಲಿಸು, ಇವನ್ನ ಯಾವ ಮೇಷ್ಟ್ರೂ ನಿಂತು ಹೇಳಲ್ಲ, ಮಗು ಅಲ್ಲೇ ಎಡವೋದು. ಪ್ರಮಾಣ ಅಂದ್ರೆ ಜಾತಿ ಪ್ರಮಾಣ ಪತ್ರ ಅಂತಾರೆ ಮೊದಲು, ಅದೂ ಸರಿನೇ, ಅಲ್ಲಿಂದ ಮಳೆಯ ಪ್ರಮಾಣಕ್ಕೆ ಬರ್ಬೇಕು. ವಾರಕ್ಕೆ ಎಂಟು ಪದ ಸಾಕು, ಹೆಚ್ಚು ಬೇಡ.

ಇನ್ನೊಂದು, ಫ್ರೇಯರ್ ಮಾದರಿ, 1969ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಬಂದಿದ್ದು. ಹಾಳೇನ ನಾಲ್ಕು ಮನೆ ಮಾಡಿ ಅರ್ಥ, ಲಕ್ಷಣ, ಉದಾಹರಣೆ, ಉದಾಹರಣೆ ಅಲ್ಲದ್ದು ಅಂತ ತುಂಬಿಸೋದು. ನಿಜವಾದ ಕಲಿಕೆ ಆಗೋದು ನಾಲ್ಕನೇ ಮನೇಲೇ ಅಂತ ನನಗನ್ಸುತ್ತೆ. ವಲಸೆ ಅನ್ನೋ ಪದಕ್ಕೆ ನಾಯಕನಹಟ್ಟಿ ಜಾತ್ರೆಗೆ ಹೋಗೋದು ವಲಸೆ ಅಲ್ಲ ಅಂತ ಎಲ್ರೂ ಬೇಗ ಬರೆದ್ರು, ಆಮೇಲೆ ಒಬ್ಬ ಹುಡುಗ ಎದ್ದು ನಿಂತು ನಮ್ಮಪ್ಪ ಕುರಿ ಹೊಡ್ಕೊಂಡು ಮೇವು ಹುಡುಕ್ತಾ ತಿಂಗಳಾನುಗಟ್ಟಲೆ ಹೋಗಿ ಮಳೆಗಾಲಕ್ಕೆ ವಾಪಸ್ ಬರ್ತಾರೆ, ಅದು ಯಾವ ಮನೆಗೆ ಅಂದ. ವಾಪಸ್ ಬರ್ತಾರಲ್ಲ, ಅಲ್ಲ ಅಂತ ಅರ್ಧ ಕ್ಲಾಸು. ಹಕ್ಕಿನೂ ವಾಪಸ್ ಹೋಗುತ್ತೆ, ಅದಕ್ಕೆ ವಲಸೆ ಹಕ್ಕಿ ಅನ್ನಲ್ವಾ ಅಂತ ಹಿಂದಿನ ಬೆಂಚಿನ ಹುಡುಗಿ, ಬೇರೆ ದಿನ ಬಾಯೇ ಬಿಡದೋಳು. ಕೊನೆಗೆ ಅದನ್ನ ಉದಾಹರಣೆ ಮನೇಗೇ ಹಾಕಿ ಪಕ್ಕದಲ್ಲಿ ಋತುಮಾನದ ವಲಸೆ ಅಂತ ಬರೆದ್ವಿ. ಒಂದು ಪೂರ್ತಿ ಪೀರಿಯಡ್ ಹೋಯ್ತು, ಹೋಗ್ಲಿ.

ಕಲಿತ ಪದ ಮತ್ತೆ ಮತ್ತೆ ಎದುರಾಗ್ಬೇಕು. ಮಾರನೇ ದಿನ ಒಂದ್ಸಲ, ಮೂರು ದಿನ ಬಿಟ್ಟು, ಆಮೇಲೆ ಹದಿನೈದು ದಿನಕ್ಕೆ. ಗಣಿತದವರಿಗೂ ಕನ್ನಡದವರಿಗೂ ವಾರದ ಪಟ್ಟಿ ಕೊಟ್ಟಿರ್ತೀನಿ, ಅವರ ಪಾಠದಲ್ಲೂ ಬಳಸ್ಲಿ ಅಂತ. ಟೆಸ್ಟಲ್ಲಿ ಅರ್ಥ ಬರೀರಿ ಅಂತ ಕೇಳಲ್ಲ, ಎರಡು ವಾಕ್ಯ ಕೊಟ್ಟು ಯಾವುದರಲ್ಲಿ ಪದ ಸರಿಯಾಗಿ ಕೂತಿದೆ, ಯಾಕೆ ಅಂತ ಕೇಳ್ತೀನಿ.

ಆರನೇ ಕ್ಲಾಸಿಗೆ ಬಂದ್ರೂ ಓದೋಕೆ ತಡವರಿಸೋ ಮಕ್ಕಳು ಇದ್ದೇ ಇರ್ತಾರೆ. ಅವರನ್ನ ಬಿಡಬೇಡಿ. ನಾಲ್ಕು ಮನೇಲಿ ಅವರು ಚಿತ್ರ ಬರೀತಾರೆ, ಬಾಯಲ್ಲಿ ಹೇಳ್ತಾರೆ, ಪಕ್ಕದಲ್ಲಿ ಕೂತ ಜೊತೆಗಾರ ಬರ್ಕೊಡ್ತಾನೆ. ಲಂಬಾಣಿಲೋ ತೆಲುಗಲ್ಲೋ ಏನಂತೀರಾ ಅಂತ ಕೇಳಿ ಆ ಪದನೂ ಕನ್ನಡ ಲಿಪಿಲೇ ಅರ್ಥದ ಮನೇಲಿ ಬರೆಸಿ.