ಕಾಫಿ ಗ್ರೈಂಡರ್ ಕೊಳ್ಳುವ ಮುನ್ನ ಬಳಕೆದಾರರ ಅಭಿಪ್ರಾಯಗಳನ್ನು ಓದುವುದು ಹೇಗೆ?

ಚಿಕ್ಕಮಗಳೂರಿನ ಕಾಫಿಪುಡಿ ಅಂಗಡಿಯಲ್ಲಿ ಕಣ್ಣೆದುರೇ ಬೀಜ ಪುಡಿ ಮಾಡಿಸಿಕೊಂಡು ಬರುವವರಿಗೆ ಮನೆಯಲ್ಲೊಂದು ವಿದ್ಯುತ್ ಗ್ರೈಂಡರ್ ಏಕೆ ಎಂಬ ಪ್ರಶ್ನೆ ಸಹಜ. ಹುರಿದ ಬೀಜವು ಗಾಳಿಯಾಡದ ಡಬ್ಬಿಯಲ್ಲಿ ವಾರಗಟ್ಟಲೆ ಪರಿಮಳ ಉಳಿಸಿಕೊಳ್ಳುತ್ತದೆ. ಪುಡಿಯಾದ ಮೇಲೆ ಅದೇ ಪರಿಮಳ ಬೇಗನೆ ತಗ್ಗುತ್ತದೆ. 2019ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಬಾಬಾಬುಡನ್‌ಗಿರಿ ಅರೇಬಿಕಾದಂಥ ಬೀಜಕ್ಕೆ ಹೆಚ್ಚು ಬೆಲೆ ಕೊಟ್ಟವರು ಆ ಪರಿಮಳವನ್ನು ಕಳೆದುಕೊಳ್ಳಲು ಇಷ್ಟಪಡುವುದಿಲ್ಲ. ಆದರೆ ಯಂತ್ರ ಆರಿಸುವಾಗ ಹೆಚ್ಚಿನವರು ನೋಡುವುದು ಆನ್‌ಲೈನ್ ಅಂಗಡಿಯ ನಕ್ಷತ್ರಗಳ ಸರಾಸರಿಯನ್ನು. ಫಿಲ್ಟರ್ ಕಾಫಿಯವರು, ಎಸ್‌ಪ್ರೆಸೊ (ಒತ್ತಡದಲ್ಲಿ ಬಿಸಿನೀರು ಹಾಯಿಸಿ ಇಳಿಸುವ ಗಟ್ಟಿ ಕಾಫಿ) ಮಾಡುವವರು, ಅರಿಸಿನದ ಕೊಂಬು ಹಾಕಿ ಯಂತ್ರ ಕೆಡಿಸಿಕೊಂಡವರು ಎಲ್ಲರೂ ಅದರಲ್ಲಿ ಒಂದೇ ತೂಕದಲ್ಲಿ ಸೇರಿರುವುದರಿಂದ, ಆ ಅಂಕಿಯನ್ನು ಬದಿಗಿಡುವುದೇ ಒಳ್ಳೆಯದು.

ಮೊದಲು ನಿಮ್ಮ ಮನೆಯಲ್ಲಿ ಯಾವ ಕಾಫಿ ಎಂಬುದನ್ನು ಗೊತ್ತುಮಾಡಿಕೊಂಡು, ಅದೇ ಬಗೆಯ ಕಾಫಿ ಮಾಡುವವರ ಮಾತನ್ನು ಮಾತ್ರ ಹುಡುಕಿ. ನಮ್ಮ ಹಿತ್ತಾಳೆ ಅಥವಾ ಸ್ಟೀಲ್ ಫಿಲ್ಟರಿಗೆ ಸಣ್ಣ ರವೆಗಿಂತ ನುಣುಪಾದ, ಆದರೆ ಹಿಟ್ಟಿನಂತಾಗದ ಪುಡಿ ಬೇಕು. ‘ಸಾಕಷ್ಟು ನುಣ್ಣಗಾಗುವುದಿಲ್ಲ’ ಎಂದು ಎಸ್‌ಪ್ರೆಸೊ ಯಂತ್ರವಿರುವವರು ಬರೆದಿದ್ದರೆ ಫಿಲ್ಟರ್ ಬಳಸುವವರಿಗೆ ಅದು ದೋಷವೇ ಅಲ್ಲ.

ನಂತರ ಯಂತ್ರದ ಬಗೆಯನ್ನು ಗಮನಿಸಿ. ಅಗ್ಗದವುಗಳಲ್ಲಿ ಮಿಕ್ಸಿಯಂತೆ ಬ್ಲೇಡ್ ತಿರುಗಿ ಬೀಜವನ್ನು ಕತ್ತರಿಸುತ್ತದೆ. ಬರ್ ಗ್ರೈಂಡರಿನಲ್ಲಿ ಬೀಜವನ್ನು ಅರೆಯುವ, ಹಲ್ಲುಳ್ಳ ಎರಡು ಭಾಗಗಳ (ಇವೇ ಬರ್) ನಡುವಿನ ಅಂತರ ನಿಗದಿಯಾಗಿರುವುದರಿಂದ ಪುಡಿ ಹೆಚ್ಚು ಸಮನಾಗಿ ಬೀಳುತ್ತದೆ. ಬ್ಲೇಡ್ ಯಂತ್ರದ ಕೆಳಗೆ ‘ಪುಡಿ ಸಮನಾಗಿಲ್ಲ’ ಎಂದಿದ್ದರೆ ಅದು ಆ ಬಗೆಯ ಸ್ವಭಾವವೇ ಹೊರತು ಆ ಕಂಪನಿಯ ತಪ್ಪಲ್ಲ. ‘ಮೋಟಾರು ಸುಟ್ಟ ವಾಸನೆ ಬಂತು’ ಎಂಬ ದೂರನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬಾರದು. ಆದರೂ ಅವರು ಯಂತ್ರವನ್ನು ನಡುನಡುವೆ ನಿಲ್ಲಿಸಿದ್ದರೋ, ಒಂದೇ ಸಮನೆ ಓಡಿಸಿದ್ದರೋ ಎಂಬುದನ್ನು ಓದಿ ನೋಡಿ. ಸದ್ದಿನ ಬಗೆಗಿನ ದೂರು ಎಲ್ಲ ಯಂತ್ರಗಳಿಗೂ ಇರುತ್ತದೆ; ಬೆಳಗಿನ ಐದಕ್ಕೆ ಕಾಫಿ ಬೇಕೆನ್ನುವ ಮನೆಯಲ್ಲಿ ಹಿಂದಿನ ರಾತ್ರಿಯೇ ಪುಡಿ ಮಾಡಿಡುವುದು ಅನಿವಾರ್ಯ.

ಹೆಚ್ಚು ಹೊತ್ತು ಕೊಡಬೇಕಾದದ್ದು ಅಭಿಪ್ರಾಯದ ದಿನಾಂಕಕ್ಕೆ. ಪೆಟ್ಟಿಗೆ ಬಿಚ್ಚಿದ ದಿನವೇ ಬರೆದವರು ಬಣ್ಣ, ಪ್ಯಾಕಿಂಗ್, ತಲುಪಿದ ವೇಗ ಇವುಗಳನ್ನೇ ಹೊಗಳುತ್ತಾರೆ. ಆರು ತಿಂಗಳು ಬಳಸಿ ಬರೆದವರ ಮಾತು, ಅದರಲ್ಲೂ ಮೂರು ನಕ್ಷತ್ರ ಕೊಟ್ಟವರದು, ಹೆಚ್ಚು ಬೆಲೆಯುಳ್ಳದ್ದು. ಅವರಿಗೆ ಹೊಗಳುವ ಉತ್ಸಾಹವೂ ಬೈಯುವ ಸಿಟ್ಟೂ ಇರುವುದಿಲ್ಲ. ಮುಚ್ಚಳ ಒತ್ತಿದರೆ ಓಡುವ ಬ್ಲೇಡ್ ಯಂತ್ರಗಳಲ್ಲಿ ಮುಚ್ಚಳದ ಪ್ಲಾಸ್ಟಿಕ್ ಕೊಂಡಿ ಮುರಿಯಿತೆಂದು ಹಲವರು ಬರೆದಿದ್ದರೆ ಆ ಮಾದರಿಯನ್ನು ಬಿಟ್ಟುಬಿಡಿ. ಬರ್ ಯಂತ್ರಗಳಲ್ಲಿ ಕಪ್ಪಗೆ ಹುರಿದ, ಎಣ್ಣೆ ಜಿನುಗುವ ಬೀಜದಿಂದ ಪುಡಿ ಹೊರಬರುವ ದಾರಿ ಕಟ್ಟಿಕೊಳ್ಳುತ್ತದೆಯೇ, ಒಳಗೆಷ್ಟು ಪುಡಿ ಉಳಿಯುತ್ತದೆ, ಬರ್ ಬಿಚ್ಚಿ ಬ್ರಷ್ ಹಾಕಲು ಬರುತ್ತದೆಯೇ ಎಂಬುದನ್ನು ನೋಡಿ. ಮಲೆನಾಡಿನ ಮಳೆಗಾಲದ ತೇವದಲ್ಲಿ ಈ ತೊಂದರೆ ಇನ್ನೂ ಹೆಚ್ಚು. ಸರ್ವೀಸ್ ಕೇಂದ್ರ ಜಿಲ್ಲೆಯಲ್ಲೇ ಇದೆಯೋ, ಬೆಂಗಳೂರಿಗೆ ಕಳುಹಿಸಬೇಕೋ ಎಂಬುದನ್ನು ಅಭಿಪ್ರಾಯಗಳಿಗಿಂತ ಕಂಪನಿಗೆ ಕರೆ ಮಾಡಿ ತಿಳಿಯುವುದು ಲೇಸು.

ಯಂತ್ರ ಮನೆಗೆ ಬಂದ ಮೇಲೆ, ಹಿಂದಿರುಗಿಸುವ ಅವಧಿ ಮುಗಿಯುವುದರೊಳಗೆ ನೀವೇ ಪರೀಕ್ಷಿಸಿ. ವಾಡಿಕೆಯ ಅಂಗಡಿಯಿಂದ ಚಿಕೋರಿ ಬೆರೆಸದ ಐವತ್ತು ಗ್ರಾಂ ಫಿಲ್ಟರ್ ಪುಡಿಯನ್ನು ಮಾದರಿಗೆಂದು ತಂದು, ನಿಮ್ಮ ಪುಡಿಯ ಪಕ್ಕದಲ್ಲಿ ಬಿಳಿ ಕಾಗದದ ಮೇಲೆ ಹರಡಿ ಬೆರಳಿನಲ್ಲಿ ಉಜ್ಜಿ ನೋಡಿ. ಬ್ಲೇಡ್ ಯಂತ್ರವಾದರೆ ಕೆಲವು ಸೆಕೆಂಡು ಓಡಿಸಿ, ನಿಲ್ಲಿಸಿ, ಅಲುಗಾಡಿಸಿ, ಮತ್ತೆ ಓಡಿಸಿ. ಬಳಿಕ ಎರಡನ್ನೂ ಸಮತೂಕದಲ್ಲಿ ಬೇರೆ ಬೇರೆಯಾಗಿ ಫಿಲ್ಟರಿಗೆ ಹಾಕಿ, ಒಂದೇ ಅಳತೆಯ ಬಿಸಿನೀರು ಸುರಿಯಿರಿ. ನಿಮ್ಮ ಪುಡಿಯ ಡಿಕಾಕ್ಷನ್ ಸರಸರನೆ ಇಳಿದು ತೆಳ್ಳಗಾದರೆ ಪುಡಿ ತರಿಯಾಗಿದೆ. ನೀರು ಮೇಲೆಯೇ ನಿಂತರೆ ಅತಿ ನುಣ್ಣಗಾಗಿದೆ. ಚಿಕೋರಿ ಬೇಕಿದ್ದವರು ಅದನ್ನು ಪುಡಿಯ ರೂಪದಲ್ಲೇ ಕೊಂಡು ಆಯಾ ದಿನಕ್ಕೆ ಬೇಕಾದಷ್ಟನ್ನೇ ಬೆರೆಸಬೇಕು. ತೇವ ಹೀರುವ ಗುಣ ಅದಕ್ಕೆ ಹೆಚ್ಚಿರುವುದರಿಂದ ಯಂತ್ರದೊಳಗೆ ಹಾಕಿದರೆ ಅಂಟಿಕೊಳ್ಳುತ್ತದೆ. ಬೀಸುವ ಹೊತ್ತನ್ನೋ ಬರ್‌ನ ಅಂತರವನ್ನೋ ಹೊಂದಿಸಿದ ಮೇಲೂ ಡಿಕಾಕ್ಷನ್ ಸರಿಹೋಗದಿದ್ದರೆ, ನಕ್ಷತ್ರಗಳೆಷ್ಟೇ ಇದ್ದರೂ ಯಂತ್ರವನ್ನು ಹಿಂದಿರುಗಿಸಿ.