ಗಣಿ ಕಂಪನಿ ಬಗ್ಗೆ ಬರೆಯುವ ಮುಂಚೆ

ಗೋವಾದ ವಾಸ್ಕೋದಲ್ಲಿ ಇದ್ದುಕೊಂಡು ಕನ್ನಡ ಪತ್ರಿಕೆಗಳಿಗೆ ಬರೆಯಲು ಶುರು ಮಾಡಿ ಹದಿನೆಂಟು ವರ್ಷ ಆಯಿತು. ಗಣಿ ಬಗ್ಗೆ ಬರೆಯಬೇಕು ಅಂತ ಹೊಸ ಹುಡುಗರು ಆಗಾಗ ಫೋನ್ ಮಾಡುತ್ತಾರೆ. ಕೇಳುವುದು ಒಂದೇ: ಕಂಪನಿ ವಿದೇಶದ್ದು, ಊರು ನಮ್ಮದು, ಎರಡೂ ಕಡೆಗೆ ಅನ್ಯಾಯ ಆಗದ ಹಾಗೆ ಬರೆಯೋದು ಹೇಗೆ?

ನನ್ನ ತಪ್ಪಿನಿಂದಲೇ ಹೇಳುತ್ತೇನೆ. 2010ರಲ್ಲಿ ಒಂದು ಕಂಪನಿ ನಮ್ಮನ್ನು ಕಾರಿನಲ್ಲಿ ಕರೆದುಕೊಂಡು ಹೋಗಿ ನೆಟ್ಟ ಗಿಡ, ಕಟ್ಟಿಸಿದ ಶಾಲಾ ಕೋಣೆ ತೋರಿಸಿತು. ಬರೆದೆ. ಕೊನೆಯಲ್ಲಿ ‘ಧೂಳಿನ ದೂರೂ ಇದೆ’ ಅಂತ ಒಂದು ಸಾಲು ಸೇರಿಸಿದೆ. ಎರಡೇ ದಿನಕ್ಕೆ ಸಾವರ್ಡೆ ಕಡೆಯಿಂದ ಒಬ್ಬ ಹೆಣ್ಣುಮಗಳ ಫೋನ್. ಹುನಗುಂದದವರು. “ನಮ್ಮ ಮನೀಗೆ ಬಂದು ನೋಡೀರೇನ್ರೀ?” ಅಂದರು.

ಹೋದೆ. ಕುಡಿಯುವ ನೀರಿನ ಕೊಡದ ಬಾಯಿಗೆ ಒದ್ದೆ ಬಟ್ಟೆ ಕಟ್ಟಿದ್ದರು. ಬೆಳಿಗ್ಗೆ ಬೆಳ್ಳಗಿದ್ದದ್ದು ಮಧ್ಯಾಹ್ನಕ್ಕೆ ಇಟ್ಟಿಗೆ ಬಣ್ಣ. ಬಾಗಿಲ ಹಿಂದಿನ ಮೊಳೆಗೆ ಗಂಡನ ಅಂಗಿ ನೇತಾಡುತ್ತಿತ್ತು, ಅದಕ್ಕೂ ಅದೇ ಬಣ್ಣ. ಆತ ಕಬ್ಬಿಣದ ಅದಿರಿನ ಟ್ರಕ್ ಓಡಿಸುತ್ತಿದ್ದ. “ಟ್ರಕ್ ನಿಲ್ಲಿಸ್ರಿ ಅನ್ನಂಗಿಲ್ಲ ನಾವು. ರಸ್ತೆಗೆ ನೀರು ಹೊಡೀರಿ, ತಾಡಪತ್ರಿ ಮುಚ್ಚರಿ ಅಂತೀವಿ” ಅಂದರು. ಅವತ್ತಿನಿಂದ ಇವರಿಗೆ ಎಷ್ಟು ಪ್ಯಾರಾ, ಅವರಿಗೆ ಎಷ್ಟು ಅಂತ ಎಣಿಸುವುದನ್ನು ಬಿಟ್ಟೆ. ಯಾರ ಮಾತೇ ಇರಲಿ, ಒಂದೇ ಸೇರಿನಲ್ಲಿ ಅಳೆಯುತ್ತೇನೆ.

ಮೊದಲು ಒಡೆಯ ಯಾರು ಅಂತ ನೋಡಿ. ಗೇಟಿನ ಮೇಲಿನ ಹೆಸರು ಸಾಲದು. ಇಲ್ಲಿನ ಗಣಿ ಕಂಪನಿ ಸೇಸಾ ಗೋವಾ 1954ರಲ್ಲಿ ಇಟಲಿಯವರ ಕೈಯಲ್ಲಿ ಶುರುವಾಯಿತು, ಆಮೇಲೆ ಜಪಾನಿನ ಮಿತ್ಸುಯಿ ಕೈಗೆ ಹೋಯಿತು, 2007ರಲ್ಲಿ ವೇದಾಂತ ಕೊಂಡುಕೊಂಡಿತು. ವೇದಾಂತದ ಮಾತೃ ಕಂಪನಿ ಆಗ ಲಂಡನ್ ಷೇರುಪೇಟೆಯಲ್ಲಿತ್ತು. ಯಾವ ವರ್ಷದ ಹಾನಿ ಯಾರ ಕಾಲದ್ದು ಅಂತ ಗೊತ್ತಿಲ್ಲದೆ ಬರೆದರೆ ಒಬ್ಬರ ಪಾಪ ಇನ್ನೊಬ್ಬರ ತಲೆಗೆ ಕಟ್ಟಿದ ಹಾಗೆ. ಹೊರಗಿನವರು ಅನ್ನುವ ಒಂದೇ ಕಾರಣಕ್ಕೆ ಬೈಯಬೇಡಿ. ಅಕ್ರಮ ಗಣಿಗಾರಿಕೆಯ ತನಿಖೆ ಮಾಡಿದ ಷಾ ಆಯೋಗದ 2012ರ ವರದಿ ಓದಿ, ಗೋವಾದ ಸ್ಥಳೀಯ ಗಣಿ ಮಾಲೀಕರ ಹೆಸರುಗಳೂ ಅದರಲ್ಲಿವೆ.

ಆದರೆ ಕಂಪನಿ ಹೊರಗಿನದಾದರೆ ನಮಗೆ ಇನ್ನೊಂದು ಬಾಗಿಲೂ ತೆರೆಯುತ್ತದೆ. ಒಡಿಶಾದ ನಿಯಮಗಿರಿ ಬೆಟ್ಟದ ಗಣಿ ಯೋಜನೆಯ ವಿಷಯ ಬ್ರಿಟನ್ನಿನಲ್ಲೇ ವೇದಾಂತದ ಮೇಲೆ ದೂರಾಗಿ ಹೋಯಿತು. ಆ ಬೆಟ್ಟದ ಆದಿವಾಸಿಗಳಾದ ಡೋಂಗ್ರಿಯಾ ಕೊಂಧರನ್ನು ಸರಿಯಾಗಿ ಕೇಳಿಲ್ಲ ಅಂತ ಬ್ರಿಟನ್ ಸರ್ಕಾರದ ಸಂಸ್ಥೆಯೇ 2009ರಲ್ಲಿ ಹೇಳಿತು. 2013ರಲ್ಲಿ ನಿಯಮಗಿರಿಯ 12 ಗ್ರಾಮಸಭೆಗಳೂ ಗಣಿ ಬೇಡ ಅಂದವು. ಅದಕ್ಕೇ ಕಂಪನಿಯ ತವರಿನಲ್ಲಿ ಯಾವ ದೂರು ದಾಖಲಾಗಿದೆ ಅಂತಲೂ ಹುಡುಕಿ.

ಇನ್ನು ಕಾಗದ. ಪರಿಸರ ಅನುಮತಿ ಪತ್ರ ತೆಗೆಸಿಕೊಳ್ಳಿ. ಆರು ತಿಂಗಳಿಗೊಮ್ಮೆ ಕಂಪನಿ ಕೊಡಬೇಕಾದ ಪಾಲನಾ ವರದಿಯನ್ನು ಅದರ ಪಕ್ಕ ಇಟ್ಟು ಷರತ್ತು ಷರತ್ತಾಗಿ ಓದಿ. ಸಿಗದಿದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳಿ, 30 ದಿನ ಕಾಯಬೇಕು. ಗಾಳಿಯ ಲೆಕ್ಕದಲ್ಲಿ ಪಿಎಂ10, ಅಂದರೆ ಉಸಿರಿನೊಳಗೆ ಹೋಗುವ ಸಣ್ಣ ಧೂಳು, ಒಂದು ದಿನದ ಸರಾಸರಿಯಲ್ಲಿ ಒಂದು ಘನ ಮೀಟರ್ ಗಾಳಿಗೆ 100 ಮೈಕ್ರೋಗ್ರಾಂ ಮೀರಬಾರದು. ಆದರೆ ಸಂಖ್ಯೆ ನೋಡಿ ಸುಮ್ನೆ ಒಪ್ಪಬೇಡಿ. ಯಂತ್ರ ಎಲ್ಲಿತ್ತು? ಟ್ರಕ್ ರಸ್ತೆ ಪಕ್ಕವೋ, ಕಚೇರಿಯ ತೋಟದಲ್ಲೋ? ಯಾವ ತಿಂಗಳು? ಗೋವಾದ ಮಳೆಯಲ್ಲಿ ಅದಿರಿನ ಕೆಲಸ ನಿಲ್ಲುತ್ತದೆ, ಧೂಳು ಮಣ್ಣಿಗೆ ಇಳಿಯುತ್ತದೆ. ಆ ತಿಂಗಳುಗಳನ್ನೂ ಸೇರಿಸಿ ಸರಾಸರಿ ತೆಗೆದರೆ ಮಾರ್ಚ್ ತಿಂಗಳ ಉಸಿರು ಅದರಲ್ಲಿ ಕಾಣೋದಿಲ್ಲ, ಅಲ್ವಾ?

ಬಾವಿ ನೋಡಲು ಮೇ ತಿಂಗಳಲ್ಲೇ ಹೋಗಿ. ಹಗ್ಗ ಇಳಿಸಿ ಅಳೆಯಿರಿ. ಗಣಿ ಹೊಂಡ ಅಂತರ್ಜಲಕ್ಕಿಂತ ಕೆಳಗೆ ಹೋದಾಗ ಒಳಗಿನ ನೀರನ್ನು ಪಂಪ್ ಮಾಡಿ ಹೊರಹಾಕುತ್ತಾರೆ, ಸುತ್ತಲಿನ ಬಾವಿಗಳು ಇಳಿಯುತ್ತವೆ. ಆದರೆ ಜಂಬಿಟ್ಟಿಗೆ ಕಲ್ಲಿನ ನೆಲದಲ್ಲಿ ಬೇಸಿಗೆಗೆ ಬತ್ತುವ ಬಾವಿಗಳು ಬೇರೆ ಕಡೆಯೂ ಇವೆ. ಅದಕ್ಕೇ ಗಣಿಯಿಂದ ದೂರದ ಒಂದು ಬಾವಿಯನ್ನೂ ಅವತ್ತೇ ಅಳೆಯಿರಿ. ಹಳಬರನ್ನು ಕೇಳಿ, ಗಣಿ ಬರುವ ಮುಂಚೆ ಇದು ಬತ್ತುತ್ತಿತ್ತಾ ಅಂತ. ಕಂಪನಿಗೆ ಅನ್ಯಾಯ ಮಾಡದಿರಲು ಇಷ್ಟು ಕಷ್ಟ ಪಡಲೇಬೇಕು.

‘ಇಷ್ಟು ಸಾವಿರ ಜನಕ್ಕೆ ಕೆಲಸ ಕೊಟ್ಟಿದ್ದೇವೆ’ ಅನ್ನುವುದನ್ನೂ ಬಿಡಿಸಿ ನೋಡಿ. ಕಂಪನಿಯ ಪಟ್ಟಿಯಲ್ಲಿ ಎಷ್ಟು ಜನ, ಗುತ್ತಿಗೆಯಲ್ಲಿ ಎಷ್ಟು, ಟ್ರಕ್ ಮತ್ತು ಅದಿರು ಸಾಗಿಸುವ ಬಾರ್ಜ್ ದೋಣಿಗಳಲ್ಲಿ ಎಷ್ಟು? 2012ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ, ಮುಂದಿನ ತಿಂಗಳು ಸುಪ್ರೀಂ ಕೋರ್ಟ್ ಗೋವಾದ ಗಣಿ ನಿಲ್ಲಿಸಿದಾಗ ನಾನು ಇಲ್ಲೇ ಇದ್ದೆ. ರಸ್ತೆ ಬದಿಯ ಮರದ ಎಲೆ ಮತ್ತೆ ಹಸಿರಾದದ್ದು ನಿಜ. ಬಿಜಾಪುರ, ಬಾಗಲಕೋಟೆ ಕಡೆಯ ಮನೆಗಳು ಸಾಮಾನು ಕಟ್ಟಿಕೊಂಡು ಊರಿಗೆ ಹೊರಟದ್ದೂ ನಿಜ. ಹೊರಟವರಲ್ಲಿ ನಾನು ಮಾತಾಡಿಸಿದ ಹಲವರ ಹೆಸರು ಗುತ್ತಿಗೆದಾರನ ಪುಸ್ತಕದಲ್ಲೇ ಇರಲಿಲ್ಲ. ಲೆಕ್ಕದಲ್ಲೇ ಇಲ್ಲದವರು ಕೆಲಸ ಕಳೆದುಕೊಂಡವರ ಲೆಕ್ಕಕ್ಕೂ ಬರಲಿಲ್ಲ. ನಾವು ಕನ್ನಡದಲ್ಲಿ ಬರೆಯುವವರು ಇವರನ್ನು ಹುಡುಕದಿದ್ದರೆ ಇನ್ಯಾರು ಹುಡುಕುತ್ತಾರೆ?

ಶಾಲೆ, ಆಂಬ್ಯುಲೆನ್ಸ್ ತೋರಿಸಿದರೆ ಒಂದು ಪ್ರಶ್ನೆ ಕೇಳಿ: ಇದು ಕಂಪನಿಯ ಸ್ವಂತ ಖರ್ಚೋ, ಜಿಲ್ಲಾ ಖನಿಜ ನಿಧಿಯದೋ? 2015ರ ಕಾನೂನು ತಿದ್ದುಪಡಿಯಿಂದ ಬಂದ ಆ ನಿಧಿಗೆ ಹಣ ಕಟ್ಟಲೇಬೇಕು. ಹರಾಜಿನಲ್ಲಿ ಸಿಕ್ಕ ಗಣಿಯಾದರೆ ರಾಯಲ್ಟಿಯ 10 ಪರ್ಸೆಂಟ್, ಹಳೆಯ ಲೀಸಾದರೆ 30. ಅದನ್ನು ಕೊಡುಗೆ ಅಂತ ಬರೆಯಬೇಡಿ. ಸ್ವಂತ ಖರ್ಚಿನದಾದರೆ ಧಾರಾಳವಾಗಿ ಬರೆಯಿರಿ.

ಬರೆದಾದ ಮೇಲೆ ಪ್ರತಿಯೊಂದು ಆರೋಪವನ್ನೂ ಪ್ರಶ್ನೆಯ ರೂಪದಲ್ಲಿ ಬರೆದು ಕಂಪನಿಗೆ ಕಳಿಸಿ. ಉತ್ತರಿಸಲು ಕನಿಷ್ಠ ನಾಲ್ಕೈದು ದಿನ ಕೊಡಿ. ಬಂದ ಉತ್ತರವನ್ನು ಕೊನೆಗೆ ಅಂಟಿಸದೆ, ಆರೋಪ ಇರುವ ಜಾಗದಲ್ಲೇ ಹಾಕಿ. ಊರಿನವರು ಹೇಳಿದ ಭಾಗವನ್ನು ಅವರಿಗೆ ಫೋನಿನಲ್ಲಿ ಓದಿ ಹೇಳಿ. ಆ ಹುನಗುಂದದ ಅಕ್ಕನಿಗೆ ನನ್ನ ಎರಡನೇ ಬರಹವನ್ನು ಹಾಗೇ ಓದಿದ್ದೆ. ‘ದಿನವಿಡೀ ಧೂಳು’ ಅಂತ ಬರೆದಿದ್ದೆ. “ಇಲ್ರೀ, ಮಧ್ಯಾಹ್ನ ಊಟದ ಹೊತ್ತಿಗೆ ಒಂದು ತಾಸು ಟ್ರಕ್ ನಿಲ್ತಾವ, ಅದನ್ನೂ ಬರೀರಿ” ಅಂದರು. ಬರೆದೆ.