ಲಿನಕ್ಸ್ ಕಂಪ್ಯೂಟರಿನಲ್ಲಿ ಸದ್ದು ಬರುತ್ತಿಲ್ಲವೇ? ಸ್ಪೀಕರಿನ ತಂತಿಯಿಂದ ಕರ್ನಲ್‌ವರೆಗೆ ಹೀಗೆ ಹುಡುಕಿ

ವಿಡಿಯೊ ಓಡುತ್ತಿರುತ್ತದೆ, ತೆರೆಯ ಮೂಲೆಯ ಸ್ಪೀಕರ್ ಚಿಹ್ನೆಯೂ ಸರಿಯಾಗಿಯೇ ಕಾಣುತ್ತಿರುತ್ತದೆ, ಆದರೆ ಸದ್ದು ಮಾತ್ರ ಇಲ್ಲ. ಲಿನಕ್ಸ್ ಬಳಸುವವರಲ್ಲಿ ಹೆಚ್ಚಿನವರಿಗೆ ಒಂದಲ್ಲ ಒಂದು ದಿನ ಈ ಅನುಭವ ಆಗಿರುತ್ತದೆ. ಇಂಥ ಹೊತ್ತಿನಲ್ಲಿ ಆಪರೇಟಿಂಗ್ ಸಿಸ್ಟಂ ಅನ್ನೇ ಅಳಿಸಿ ಹೊಸದಾಗಿ ಹಾಕಲು ಹೊರಡುವವರನ್ನು ನಾನು ಬಹಳ ನೋಡಿದ್ದೇನೆ. ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವ ಅಗತ್ಯ ಇಲ್ಲಿಲ್ಲ. ಸದ್ದು ಹೊರಡುವ ಜಾಗದಿಂದ ಕಿವಿಗೆ ತಲುಪುವ ಜಾಗದವರೆಗೆ ಒಂದು ದಾರಿಯಿದೆ. ಆ ದಾರಿಯ ಯಾವ ತಿರುವಿನಲ್ಲಿ ತಡೆ ಬಿದ್ದಿದೆಯೆಂದು ಒಂದೊಂದಾಗಿ ನೋಡುತ್ತಾ ಹೋದರೆ ಬಹುಪಾಲು ಸಂದರ್ಭಗಳಲ್ಲಿ ಕಾರಣ ಸಿಕ್ಕೇ ಸಿಗುತ್ತದೆ.

ಇದು ಹಾಡು, ಸಿನಿಮಾಗಳಿಗಷ್ಟೇ ಸಂಬಂಧಿಸಿದ ಮಾತೂ ಅಲ್ಲ. ದೃಷ್ಟಿ ಇಲ್ಲದ ಅನೇಕರು ತೆರೆಯ ಮೇಲಿನದನ್ನು ಓದಿ ಹೇಳುವ ಓರ್ಕಾ ಎಂಬ ಸ್ಕ್ರೀನ್ ರೀಡರ್ ನೆರವಿನಿಂದ ಲಿನಕ್ಸ್ ಬಳಸುತ್ತಾರೆ; ಅದರ ಜೊತೆ ಕೆಲಸ ಮಾಡುವ ಇ-ಸ್ಪೀಕ್ ಎನ್‌ಜಿ ಎಂಬ, ಬರಹವನ್ನು ಮಾತಾಗಿಸುವ ತಂತ್ರಾಂಶ ಕನ್ನಡವನ್ನೂ ಓದುತ್ತದೆ. ಸದ್ದು ನಿಂತರೆ ಅವರ ಪಾಲಿಗೆ ಇಡೀ ಕಂಪ್ಯೂಟರೇ ನಿಂತಂತೆ. ಆದ್ದರಿಂದ ಮನೆಯಲ್ಲಿ, ಶಾಲೆಯಲ್ಲಿ ಅಥವಾ ಗ್ರಂಥಾಲಯದಲ್ಲಿ ಲಿನಕ್ಸ್ ಯಂತ್ರಗಳನ್ನು ನೋಡಿಕೊಳ್ಳುವವರು ಈ ಕ್ರಮವನ್ನು ಕಲಿತಿಟ್ಟುಕೊಳ್ಳುವುದು ಅವಶ್ಯ.

ಸದ್ದು ಸಾಗುವ ದಾರಿ

ಬ್ರೌಸರ್ ಅಥವಾ ಪ್ಲೇಯರ್ ಹೊರಡಿಸಿದ ಸದ್ದು ಮೊದಲು ಧ್ವನಿ ಸರ್ವರ್ ಎಂಬ ಮಧ್ಯವರ್ತಿಗೆ ಹೋಗುತ್ತದೆ. ಹಲವು ಆ್ಯಪ್‌ಗಳ ಸದ್ದನ್ನು ಬೆರೆಸಿ, ಯಾವ ಸ್ಪೀಕರಿಗೆ ಕಳಿಸಬೇಕೆಂದು ನಿರ್ಧರಿಸುವುದು ಅದರ ಕೆಲಸ. ಹಿಂದೆ ಈ ಕೆಲಸವನ್ನು ಪಲ್ಸ್‌ಆಡಿಯೊ ಮಾಡುತ್ತಿತ್ತು. ಈಗ ಆ ಜಾಗಕ್ಕೆ ಪೈಪ್‌ವೈರ್ ಬಂದಿದೆ: ಫೆಡೋರಾ 2021ರಲ್ಲಿ ತನ್ನ 34ನೇ ಆವೃತ್ತಿಯಿಂದ, ಉಬುಂಟು 22.10ನೇ ಆವೃತ್ತಿಯಿಂದ ಇದನ್ನು ಅಳವಡಿಸಿಕೊಂಡಿವೆ. ಧ್ವನಿ ಸರ್ವರ್‌ನ ಕೆಳಗೆ, ಲಿನಕ್ಸಿನ ತಿರುಳಾದ ಕರ್ನಲ್ ಒಳಗೇ ಇರುವ ಪದರದ ಹೆಸರು ಆಲ್ಸಾ. ಸೌಂಡ್ ಚಿಪ್ ಜೊತೆ ನೇರವಾಗಿ ಮಾತಾಡುವುದು ಇದೇ. ಚಿಪ್‌ನಿಂದ ಕ್ಯಾಬಿನೆಟ್ಟಿನ ಜ್ಯಾಕ್‌ಗೆ, ಜ್ಯಾಕ್‌ನಿಂದ ತಂತಿಗೆ, ತಂತಿಯಿಂದ ಸ್ಪೀಕರಿಗೆ ಸದ್ದು ಸಾಗುತ್ತದೆ. ಆಲ್ಸಾದಲ್ಲಿ ಒಂದು ಮ್ಯೂಟ್ ಗುಂಡಿ, ಸರ್ವರ್‌ನಲ್ಲಿ ಇನ್ನೊಂದು, ಆ್ಯಪ್‌ನಲ್ಲಿ ಮತ್ತೊಂದು ಇರುವುದರಿಂದ, ಒಂದು ಕಡೆ ತೆರೆದಿದ್ದರೂ ಇನ್ನೊಂದು ಕಡೆ ಮುಚ್ಚಿರಬಹುದು. ಗೊಂದಲಕ್ಕೆಲ್ಲ ಮೂಲ ಇದೇ.

ಮೊದಲು ಹೊರಗಿನದನ್ನು ನೋಡಿ

ಸ್ಪೀಕರಿನ ದೀಪ ಉರಿಯುತ್ತಿದೆಯೇ, ಅದರ ತಿರುಗಣೆ ಸೊನ್ನೆಯಲ್ಲಿದೆಯೇ ಎಂದು ಗಮನಿಸಿ. ಬಳಿಕ ಅದೇ ತಂತಿಯನ್ನು ಮೊಬೈಲ್ ಫೋನಿಗೆ ಚುಚ್ಚಿ ಹಾಡು ಹಚ್ಚಿ. ಅಲ್ಲೂ ಸದ್ದಿಲ್ಲದಿದ್ದರೆ ದೋಷ ಲಿನಕ್ಸಿನದಲ್ಲ. ಕ್ಯಾಬಿನೆಟ್ಟಿನ ಹಿಂಭಾಗದಲ್ಲಿ ಸಾಮಾನ್ಯವಾಗಿ ಹಸಿರು ಜ್ಯಾಕ್ ಸ್ಪೀಕರಿಗೆ, ಗುಲಾಬಿ ಬಣ್ಣದ್ದು ಮೈಕಿಗೆ, ತಿಳಿನೀಲಿ ಹೊರಗಿನಿಂದ ಸದ್ದು ಒಳಗೆ ಬರುವುದಕ್ಕೆ. ಮೇಜಿನ ಕೆಳಗಿನ ಕತ್ತಲೆಯಲ್ಲಿ ಕೈ ತಡವಿ ಚುಚ್ಚುವಾಗ ಬಣ್ಣ ತಪ್ಪುವುದು ಸಹಜ, ಹಾಗಾಗಿ ಟಾರ್ಚ್ ಹಿಡಿದೇ ನೋಡಿ.

ಸದ್ದು ಬೇರೆಲ್ಲಿಗೋ ಹೋಗುತ್ತಿರಬಹುದು

ನನ್ನ ಅನುಭವದಲ್ಲಿ ಅತಿ ಹೆಚ್ಚು ಬಾರಿ ಕಂಡ ಕಾರಣ ಇದು. ಕೆಲವು ವರ್ಷಗಳ ಹಿಂದೆ ಮನೆಯ ಕಂಪ್ಯೂಟರಿಗೆ ಹಳೆಯ ಮಾನಿಟರ್ ತೆಗೆದು, ಎಚ್‌ಡಿಎಂಐ ತಂತಿಯ ಹೊಸದೊಂದನ್ನು ಜೋಡಿಸಿದೆ. ಮರುದಿನ ಬೆಳಿಗ್ಗೆ ಸದ್ದೇ ಇಲ್ಲ. ಎಚ್‌ಡಿಎಂಐ ಚಿತ್ರದ ಜೊತೆಗೆ ಧ್ವನಿಯನ್ನೂ ಒಯ್ಯುತ್ತದೆ. ಮಾನಿಟರ್ ತಾನೂ ಒಂದು ಧ್ವನಿ ಸಾಧನ ಎಂದು ಹೇಳಿಕೊಂಡಿತ್ತು, ಸಿಸ್ಟಂ ಅದನ್ನು ನಂಬಿ ಸದ್ದನ್ನೆಲ್ಲ ಅತ್ತ ತಿರುಗಿಸಿತ್ತು. ಆ ಮಾನಿಟರಿನಲ್ಲಿ ಹೆಡ್‌ಫೋನಿನ ತೂತೊಂದು ಇತ್ತೇ ಹೊರತು ಸ್ಪೀಕರ್ ಇರಲಿಲ್ಲ. ಸೆಟ್ಟಿಂಗ್ಸ್ ತೆರೆದು, ಸೌಂಡ್ ವಿಭಾಗಕ್ಕೆ ಹೋಗಿ, ಔಟ್‌ಪುಟ್ ಪಟ್ಟಿಯಲ್ಲಿ ಎಚ್‌ಡಿಎಂಐ ಬದಲು ಲೈನ್ ಔಟ್ ಆರಿಸಿದ ಕ್ಷಣದಲ್ಲೇ ಹಾಡು ಕೇಳಿಸಿತು.

ಆದ್ದರಿಂದ ಈ ಪಟ್ಟಿಯನ್ನು ಮೊದಲು ನೋಡಿ. ಪಕ್ಕದ ಕೋಣೆಯಲ್ಲಿ ಆನ್ ಆಗಿಯೇ ಉಳಿದ ಬ್ಲೂಟೂತ್ ಹೆಡ್‌ಸೆಟ್ ಕೂಡ ಹೀಗೆಯೇ ಸದ್ದನ್ನು ತನ್ನತ್ತ ಎಳೆದುಕೊಂಡಿರಬಹುದು. ಅಲ್ಲೇ ಇರುವ ಟೆಸ್ಟ್ ಗುಂಡಿ ಒತ್ತಿದಾಗ ಸದ್ದು ಬಂದು, ಬ್ರೌಸರಿನಲ್ಲಿ ಮಾತ್ರ ಬರದಿದ್ದರೆ ಆ ಟ್ಯಾಬ್ ಮ್ಯೂಟ್ ಆಗಿದೆಯೇ ಎಂದು ಪರಿಶೀಲಿಸಿದರೆ ಸಾಕು.

ಪಾವುಕಂಟ್ರೋಲ್: ಕಣ್ಣಿಗೆ ಕಾಣುವ ಸದ್ದು

ಸೆಟ್ಟಿಂಗ್ಸ್‌ನಲ್ಲಿ ಎಲ್ಲ ಸರಿಯಿದ್ದೂ ಸದ್ದು ಬರದಿದ್ದರೆ ಪಾವುಕಂಟ್ರೋಲ್ ಎಂಬ ಸಣ್ಣ ತಂತ್ರಾಂಶವನ್ನು ಹಾಕಿಕೊಳ್ಳಿ. ಪಲ್ಸ್‌ಆಡಿಯೊ ಕಾಲದ್ದಾದರೂ ಇದು ಪೈಪ್‌ವೈರ್ ಜೊತೆಗೂ ಚೆನ್ನಾಗಿ ನಡೆಯುತ್ತದೆ. ಹಾಡೊಂದನ್ನು ಹಚ್ಚಿಟ್ಟು ಇದರ ಪ್ಲೇಬ್ಯಾಕ್ ಟ್ಯಾಬ್ ನೋಡಿ. ಆ್ಯಪ್‌ನ ಹೆಸರಿನ ಕೆಳಗೆ ಪಟ್ಟಿಯೊಂದು ಹಾಡಿನ ತಾಳಕ್ಕೆ ಹಿಗ್ಗಿ ಕುಗ್ಗುತ್ತಿದ್ದರೆ, ಸದ್ದು ಆ್ಯಪ್‌ನಿಂದ ಹೊರಟು ಸರ್ವರ್ ತಲುಪಿದೆ ಎಂದರ್ಥ. ಔಟ್‌ಪುಟ್ ಡಿವೈಸಸ್ ಟ್ಯಾಬ್‌ನಲ್ಲೂ ಪಟ್ಟಿ ಅಲುಗುತ್ತಿದ್ದರೆ ತಡೆ ಅದರಿಂದಾಚೆ, ಅಂದರೆ ಆಲ್ಸಾದಲ್ಲಿ ಅಥವಾ ತಂತಿಯಲ್ಲಿದೆ. ಈ ಒಂದು ನೋಟ ಹುಡುಕಾಟವನ್ನು ಅರ್ಧಕ್ಕೆ ಇಳಿಸುತ್ತದೆ. ಕೊನೆಯ ಟ್ಯಾಬ್ ಕಾನ್ಫಿಗರೇಶನ್‌ನಲ್ಲಿ ನಿಮ್ಮ ಸೌಂಡ್ ಕಾರ್ಡಿನ ಪ್ರೊಫೈಲ್ ಆಫ್ ಎಂದಿದ್ದರೆ ಅದನ್ನು ಅನಲಾಗ್ ಸ್ಟೀರಿಯೊ ಡ್ಯುಪ್ಲೆಕ್ಸ್ ಎಂದು ಬದಲಿಸಿ.

ಆಲ್ಸಾಮಿಕ್ಸರ್ ಒಳಗೆ

ಇಲ್ಲಿಂದ ಮುಂದೆ ಟರ್ಮಿನಲ್, ಅಂದರೆ ಕಮಾಂಡ್‌ಗಳನ್ನು ಟೈಪ್ ಮಾಡುವ ಕಿಟಕಿ ಬೇಕು. ಕಮಾಂಡ್‌ಗಳನ್ನೆಲ್ಲ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲೇ ಟೈಪ್ ಮಾಡಬೇಕು. ಎ, ಎಲ್, ಎಸ್, ಎ ಎಂಬ ನಾಲ್ಕು ಅಕ್ಷರಗಳಿಗೆ ಮಿಕ್ಸರ್ ಪದವನ್ನು ಜಾಗ ಬಿಡದೆ ಸೇರಿಸಿ ಎಂಟರ್ ಒತ್ತಿದರೆ ಉದ್ದುದ್ದ ಕಂಬಗಳ ಪರದೆ ತೆರೆದುಕೊಳ್ಳುತ್ತದೆ. ಎಫ್6 ಕೀಲಿ ಒತ್ತಿ ನಿಮ್ಮ ಸೌಂಡ್ ಕಾರ್ಡನ್ನು ಆರಿಸಿ. ಕಂಬದ ಬುಡದಲ್ಲಿ ಎರಡು ಎಂ ಅಕ್ಷರಗಳಿದ್ದರೆ ಆ ದಾರಿ ಮುಚ್ಚಿದೆ, ಎರಡು ಸೊನ್ನೆಗಳಿದ್ದರೆ ತೆರೆದಿದೆ. ಬಾಣದ ಕೀಲಿಗಳಿಂದ ಮಾಸ್ಟರ್, ಫ್ರಂಟ್, ಹೆಡ್‌ಫೋನ್, ಪಿಸಿಎಂ ಕಂಬಗಳಿಗೆ ಹೋಗಿ, ಮುಚ್ಚಿರುವುದನ್ನು ಎಂ ಕೀಲಿಯಿಂದ ತೆರೆದು, ಮೇಲ್ಬಾಣದಿಂದ ಮಟ್ಟವನ್ನು ಏರಿಸಿ. ಇಎಸ್‌ಸಿ ಒತ್ತಿದರೆ ಹೊರಬರುತ್ತೀರಿ.

ಬಲಕ್ಕೆ ಸರಿಯುತ್ತಾ ಹೋದರೆ ಕೆಲವು ಯಂತ್ರಗಳಲ್ಲಿ ಆಟೊ-ಮ್ಯೂಟ್ ಮೋಡ್ ಎಂಬುದು ಸಿಗುತ್ತದೆ. ಇದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಮುಂಭಾಗದ ಜ್ಯಾಕ್‌ಗೆ ಹೆಡ್‌ಫೋನ್ ಚುಚ್ಚಿದರೆ ಹಿಂಭಾಗದ ಸ್ಪೀಕರನ್ನು ತಾನಾಗಿ ನಿಲ್ಲಿಸುವ ಅನುಕೂಲವಿದು. ಆದರೆ ಹಳೆಯ ಕ್ಯಾಬಿನೆಟ್ಟುಗಳ ಮುಂಭಾಗದ ಜ್ಯಾಕ್‌ಗಳು ಎಸಿ97 ಎಂಬ ಹಿಂದಿನ ಕ್ರಮದವು. ಹೆಡ್‌ಫೋನ್ ಚುಚ್ಚಿದೆಯೋ ಇಲ್ಲವೋ ಎಂದು ತಿಳಿಸುವ ಏರ್ಪಾಡು ಅವುಗಳಲ್ಲಿಲ್ಲ. ಅಂಥ ಕ್ಯಾಬಿನೆಟ್ಟಿಗೆ ಹೊಸ ಮದರ್‌ಬೋರ್ಡ್ ಕೂರಿಸಿದಾಗ, ಹೆಡ್‌ಫೋನ್ ಸದಾ ಚುಚ್ಚಿಕೊಂಡೇ ಇದೆಯೆಂದು ಚಿಪ್ ತಪ್ಪು ತಿಳಿಯಬಹುದು, ಆಗ ಹಿಂದಿನ ಸ್ಪೀಕರ್ ಮೌನವಾಗುತ್ತದೆ. ಆಟೊ-ಮ್ಯೂಟ್ ಅನ್ನು ಡಿಸೇಬಲ್ಡ್ ಎಂದು ಬದಲಿಸಿ ನೋಡಿ. ಕೆಲವು ಮದರ್‌ಬೋರ್ಡ್‌ಗಳ ಬಯೋಸ್‌ನಲ್ಲೂ, ಅಂದರೆ ಯಂತ್ರ ಏಳುವಾಗ ತೆರೆಯಬಹುದಾದ ಮೂಲ ಸೆಟ್ಟಿಂಗ್‌ಗಳಲ್ಲೂ, ಮುಂಭಾಗದ ಜ್ಯಾಕ್ ಯಾವ ಬಗೆಯದೆಂದು ತಿಳಿಸುವ ಆಯ್ಕೆ ಇರುತ್ತದೆ.

ಸರ್ವರ್ ಮತ್ತೆ ಶುರುಮಾಡುವುದು

ನಿದ್ರಾವಸ್ಥೆಯಿಂದ ಎಚ್ಚೆತ್ತ ಮೇಲೆ ಅಥವಾ ಅಪ್‌ಡೇಟ್ ಆದ ಮೇಲೆ ಸದ್ದು ನಿಂತಿದ್ದರೆ ಸರ್ವರನ್ನು ಮತ್ತೆ ಶುರುಮಾಡುವುದರಿಂದಲೇ ಸರಿಹೋಗಬಹುದು. ಸಿಸ್ಟಮ್ ಪದಕ್ಕೆ ಸಿಟಿಎಲ್ ಅಂಟಿಸಿ ಬರೆದು, ಜಾಗ ಬಿಟ್ಟು, ಎರಡು ಅಡ್ಡಗೆರೆ ಹಾಕಿ ಅದಕ್ಕೆ ಯೂಸರ್ ಸೇರಿಸಿ, ಬಳಿಕ ರೀಸ್ಟಾರ್ಟ್, ಪೈಪ್‌ವೈರ್, ಪೈಪ್‌ವೈರ್-ಪಲ್ಸ್, ವೈರ್‌ಪ್ಲಂಬರ್ ಎಂಬ ಪದಗಳನ್ನು ಒಂದೊಂದು ಜಾಗ ಬಿಟ್ಟು ಬರೆದು ಎಂಟರ್ ಒತ್ತಿ. ಇದಕ್ಕೆ ಯಜಮಾನನ ಅಧಿಕಾರ ಕೊಡುವ ಸುಡೊ ಪದವನ್ನು ಹಚ್ಚಬಾರದು. ಈ ಸೇವೆಗಳು ನಿಮ್ಮ ಖಾತೆಯ ಹೆಸರಿನಲ್ಲಿ ನಡೆಯುತ್ತವೆಯೇ ಹೊರತು ಯಂತ್ರದ ಯಜಮಾನನ ಹೆಸರಿನಲ್ಲಲ್ಲ. ಮೌಸ್ ಬಳಸದವರು ಡಬ್ಲ್ಯೂಪಿಸಿಟಿಎಲ್ ಸ್ಟೇಟಸ್ ಎಂಬ ಕಮಾಂಡ್ ಕೊಟ್ಟರೆ ಧ್ವನಿ ಸಾಧನಗಳ ಪಟ್ಟಿ ಅಂಕಿಗಳೊಡನೆ ಬರುತ್ತದೆ. ಅದರಲ್ಲಿ ಸಿಂಕ್ಸ್ ಎಂಬ ಭಾಗದಲ್ಲಿ ನಕ್ಷತ್ರ ಇರುವ ಸಾಲೇ ಈಗ ಸದ್ದು ಹೋಗುತ್ತಿರುವ ಜಾಗ.

ಡಮ್ಮಿ ಔಟ್‌ಪುಟ್ ಎಂದು ಬಂದರೆ

ಸೆಟ್ಟಿಂಗ್ಸ್‌ನಲ್ಲಿ ಡಮ್ಮಿ ಔಟ್‌ಪುಟ್ ಎಂದಷ್ಟೇ ಕಂಡರೆ ಸರ್ವರ್‌ಗೆ ಬಳಸಲು ಯಾವ ಸೌಂಡ್ ಕಾರ್ಡೂ ಸಿಕ್ಕಿಲ್ಲ ಎಂದು ತಿಳಿಯಬೇಕು. ಎ ಅಕ್ಷರಕ್ಕೆ ಪ್ಲೇ ಪದ ಸೇರಿಸಿ, ಜಾಗ ಬಿಟ್ಟು, ಅಡ್ಡಗೆರೆಯ ಜೊತೆ ಎಲ್ ಬರೆಯಿರಿ. ಕಾರ್ಡುಗಳ ಪಟ್ಟಿ ಬಂದರೆ ಕರ್ನಲ್‌ಗೆ ಕಾರ್ಡ್ ಗೊತ್ತಿದೆ, ತಪ್ಪು ಸರ್ವರ್‌ನಲ್ಲಿದೆ. ಕಾರ್ಡೇ ಇಲ್ಲವೆಂಬ ಉತ್ತರ ಬಂದರೆ ಇನ್ನೂ ಕೆಳಗಿಳಿಯಬೇಕು.

ಆಗ ಮೊದಲು ಬಯೋಸ್ ತೆರೆದು ಆನ್‌ಬೋರ್ಡ್ ಆಡಿಯೊ ಆಫ್ ಆಗಿದೆಯೇ ನೋಡಿ. ಅಪ್‌ಡೇಟ್ ಆದ ಬಳಿಕ ತೊಂದರೆ ಶುರುವಾಗಿದ್ದರೆ, ಯಂತ್ರ ಏಳುವಾಗ ಗ್ರಬ್ ಎಂಬ ಆರಂಭದ ಮೆನುವಿನಿಂದ ಹಿಂದಿನ ಕರ್ನಲ್ ಆರಿಸಿ. ಅದರಲ್ಲಿ ಸದ್ದು ಬಂದರೆ ದೋಷ ಹೊಸ ಕರ್ನಲ್‌ನದು, ಮುಂದಿನ ಅಪ್‌ಡೇಟ್ ಬರುವವರೆಗೆ ಹಳೆಯದರಲ್ಲೇ ಇರಬಹುದು. ಇಂಟೆಲ್‌ನ ಇತ್ತೀಚಿನ ಅನೇಕ ಲ್ಯಾಪ್‌ಟಾಪ್‌ಗಳಿಗೆ ಸೌಂಡ್ ಓಪನ್ ಫರ್ಮ್‌ವೇರ್ ಎಂಬ ಬೇರೆಯದೇ ಪ್ಯಾಕೇಜ್ ಬೇಕು. ಅದಿಲ್ಲದಿದ್ದರೆ ಚಿಪ್ ಏಳುವುದೇ ಇಲ್ಲ. ಒಂದೇ ಯಂತ್ರದಲ್ಲಿ ವಿಂಡೋಸ್ ಕೂಡ ಇದ್ದರೆ ರೀಸ್ಟಾರ್ಟ್ ಮಾಡುವ ಬದಲು ಪೂರ್ತಿ ಆಫ್ ಮಾಡಿ, ಗೋಡೆಯ ಸ್ವಿಚ್ಚನ್ನೂ ತೆಗೆದು, ಅರ್ಧ ನಿಮಿಷ ಬಿಟ್ಟು ನೇರವಾಗಿ ಲಿನಕ್ಸ್‌ಗೆ ಬನ್ನಿ. ವಿಂಡೋಸ್ ತನ್ನ ಫಾಸ್ಟ್ ಸ್ಟಾರ್ಟಪ್‌ನಲ್ಲಿ ಚಿಪ್ಪನ್ನು ಬಿಟ್ಟುಹೋದ ಸ್ಥಿತಿ ಕೆಲವೊಮ್ಮೆ ಲಿನಕ್ಸ್‌ಗೆ ಹೊಂದುವುದಿಲ್ಲ.

ಇಷ್ಟಾದರೂ ಅನುಮಾನ ಉಳಿದರೆ ಲಿನಕ್ಸ್ ತುಂಬಿದ ಪೆನ್‌ಡ್ರೈವ್‌ನಿಂದ, ಏನನ್ನೂ ಇನ್‌ಸ್ಟಾಲ್ ಮಾಡದೆ, ಲೈವ್ ಆಗಿ ಯಂತ್ರವನ್ನು ಎಬ್ಬಿಸಿ. ಅಲ್ಲಿ ಸದ್ದು ಬಂದರೆ ಯಂತ್ರಾಂಶ ಸರಿಯಿದೆ, ನಿಮ್ಮ ಡಿಸ್ಕಿನಲ್ಲಿರುವ ಸೆಟ್ಟಿಂಗ್ ಕೆಟ್ಟಿದೆ. ಅಲ್ಲೂ ಬರದಿದ್ದರೆ, ಚಿಪ್ ಸುಟ್ಟಿದೆಯೆಂದು ಮದರ್‌ಬೋರ್ಡ್ ಬದಲಿಸುವ ಮುನ್ನ ಯುಎಸ್‌ಬಿ ಸೌಂಡ್ ಕಾರ್ಡ್ ಒಂದನ್ನು ತಂದು ಚುಚ್ಚಿ ನೋಡಿ ಎಂಬುದು ನನ್ನ ಸಲಹೆ. ಇಂಥವುಗಳಲ್ಲಿ ಹೆಚ್ಚಿನವಕ್ಕೆ ಬೇಕಾದ ಡ್ರೈವರ್ ಕರ್ನಲ್‌ನಲ್ಲೇ ಇರುವುದರಿಂದ ಬೇರೇನನ್ನೂ ಹಾಕಬೇಕಾಗಿಲ್ಲ.

ಪ್ರತಿ ಹಂತದಲ್ಲೂ ಒಂದೇ ಒಂದು ಬದಲಾವಣೆ ಮಾಡಿ, ಸದ್ದು ಬಂತೇ ಎಂದು ನೋಡಿದ ಮೇಲಷ್ಟೇ ಮುಂದಕ್ಕೆ ಹೋಗಿ. ನಾಲ್ಕನ್ನು ಒಟ್ಟಿಗೆ ಬದಲಿಸಿದರೆ ಯಾವುದು ಮದ್ದಾಯಿತು, ಯಾವುದು ಹೊಸ ತೊಂದರೆ ತಂದಿತು ಎಂದು ತಿಳಿಯುವುದಿಲ್ಲ. ಬೇರೆಯವರ ನೆರವು ಕೇಳುವಾಗ ಆಲ್ಸಾ-ಇನ್ಫೊ ಎಂಬ ಸ್ಕ್ರಿಪ್ಟ್ ಕೊಡುವ ವರದಿಯನ್ನು ಜೊತೆಗೆ ಕಳಿಸಿದರೆ, ನಿಮ್ಮ ಚಿಪ್ ಯಾವುದು, ಕರ್ನಲ್ ಯಾವುದು ಎಂದು ಅವರು ಮತ್ತೆ ಕೇಳಬೇಕಾಗುವುದಿಲ್ಲ. ಅದು ವರದಿಯನ್ನು ಇಂಟರ್ನೆಟ್ಟಿಗೆ ಏರಿಸಲೇ ಎಂದು ಕೇಳುತ್ತದೆ, ಒಪ್ಪುವ ಮೊದಲು ಒಮ್ಮೆ ಓದಿ.

ಸದ್ದು ಮರಳಿದ ಮೇಲೆ ಯಂತ್ರವನ್ನು ಒಮ್ಮೆ ರೀಸ್ಟಾರ್ಟ್ ಮಾಡಿ, ಸೆಟ್ಟಿಂಗ್ಸ್‌ನ ಟೆಸ್ಟ್ ಗುಂಡಿಯಿಂದ ಎಡ ಮತ್ತು ಬಲ ಸ್ಪೀಕರ್‌ಗಳನ್ನು ಬೇರೆ ಬೇರೆಯಾಗಿ ಕೇಳಿ. ಎಡದ ಗುಂಡಿಗೆ ಬಲದ ಸ್ಪೀಕರ್ ಉತ್ತರಿಸಿದರೆ ಮೇಜಿನ ಮೇಲಿನ ಪೆಟ್ಟಿಗೆಗಳ ಜಾಗ ಅದಲುಬದಲಾಗಿದೆ, ಎತ್ತಿ ಇಟ್ಟರಾಯಿತು.